ರೆಸಿನ್ ಕಾರಿನೊಳಗಿನ ರಸಾಯನ

ನಿಜ ಕಾರಿನ 1/24 ಅಳತೆಯ, ನಾವೇ ಜೋಡಿಸಬೇಕಾದ ರೆಸಿನ್ ಮಾದರಿ ಕಾರಿನ ಕಿಟ್ ಪೆಟ್ಟಿಗೆಯಲ್ಲಿ ಸಿಗುವುದು ಅರ್ಧ ಮುಗಿದ ಸಾಮಾನು. ಕೆನೆಬಣ್ಣದ ಒಂದೇ ತುಂಡಿನ ಬಾಡಿ, ಅದರ ಅಂಚಿಗೆ ಇನ್ನೂ ಅಂಟಿಕೊಂಡಿರುವ ಎರಕದ ಗಟ್ಟಿಗಳು, ವೈಟ್ ಮೆಟಲ್ ಎನ್ನುವ ಮೆದು ಮಿಶ್ರಲೋಹದ ಸಸ್ಪೆನ್ಷನ್ ಭಾಗಗಳು, ಫೋಟೋ-ಎಚ್ ಎನ್ನುವ ತೆಳು ಲೋಹದ ಜಾಲರಿ, ಕಿಟಕಿಗಳಿಗೆ ಪಾರದರ್ಶಕ ಹಾಳೆ, ಡೀಕಲ್ ಎನ್ನುವ ಅಂಟುಚಿತ್ರಗಳು. ತಮಿಯಾದಂಥ ಕಂಪನಿಯ ಪ್ಲಾಸ್ಟಿಕ್ ಕಿಟ್‌ನಲ್ಲಿ ಭಾಗಗಳು ತಾವಾಗಿಯೇ ಕೂರುತ್ತವೆ. ಇಲ್ಲಿ ನಾವು ಕೂರಿಸಬೇಕು. ಬೆಲೆಯೂ ಹಲವು ಪಟ್ಟು ಹೆಚ್ಚು. ಆದರೂ ಹವ್ಯಾಸಿಗಳು ಇದನ್ನೇ ಹುಡುಕುತ್ತಾರೆ, ಏಕೆಂದರೆ ಅವರಿಗೆ ಬೇಕಾದ ಕಾರು ಬೇರೆ ರೂಪದಲ್ಲಿ ಸಿಗುವುದೇ ಇಲ್ಲ.

ಪ್ಲಾಸ್ಟಿಕ್ ಕಿಟ್‌ಗೆ ಉಕ್ಕಿನ ಅಚ್ಚು ಬೇಕು. ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕರಗಿಸಿದ ಪಾಲಿಸ್ಟೈರೀನನ್ನು ಭಾರಿ ಒತ್ತಡದಲ್ಲಿ ಅದರೊಳಗೆ ನುಗ್ಗಿಸುತ್ತಾರೆ. ಅಂಥ ಅಚ್ಚು ಕೊರೆಸಿದ ಖರ್ಚು ಹುಟ್ಟಬೇಕಾದರೆ ಕಿಟ್‌ಗಳು ಸಾವಿರಗಟ್ಟಲೆ ಮಾರಾಟವಾಗಬೇಕು. ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ಕಾರು ಓಟದಲ್ಲಿ ಒಂದೇ ವರ್ಷ ಓಡಿದ ಖಾಸಗಿ ತಂಡದ ಕಾರಿಗೆ ಅಷ್ಟು ಗಿರಾಕಿಗಳು ಎಲ್ಲಿಂದ ಬರಬೇಕು? ರೆಸಿನ್ ತಯಾರಕರು ಮೂಲಮಾದರಿಯ ಮೇಲೆ ಸಿಲಿಕೋನ್ ರಬ್ಬರ್ ಸುರಿದು ಒಂದೆರಡು ದಿನದಲ್ಲಿ ಅಚ್ಚು ತೆಗೆಯುತ್ತಾರೆ. ಆ ಅಚ್ಚು ಬಾಳುವುದು ಕೆಲವು ಡಜನ್ ಎರಕಗಳಷ್ಟೇ, ಆದರೆ ಸಣ್ಣ ತಯಾರಕರಿಗೆ ಅಷ್ಟು ಸಾಕು. ಜಪಾನಿನ ಮಾಡೆಲ್ ಫ್ಯಾಕ್ಟರಿ ಹಿರೋ, ಸ್ಟುಡಿಯೋ 27, ಫ್ರಾನ್ಸಿನ ಪ್ರೊಫಿಲ್ 24 ಇಂಥವರು ಹೆಸರು ಮಾಡಿದ್ದು ದೊಡ್ಡವರು ಮುಟ್ಟದ ಕಾರುಗಳಿಂದ.

ಎರಕದ ವಸ್ತು, ಅಂದರೆ ಈ ರೆಸಿನ್, ಪಾಲಿಯುರೆಥೇನ್. ಎರಡು ದ್ರವಗಳು, ಒಂದರಲ್ಲಿ ಪಾಲಿಯಾಲ್, ಇನ್ನೊಂದರಲ್ಲಿ ಐಸೋಸಯನೇಟ್. ಬೆರೆಸಿದ ಕೆಲವೇ ನಿಮಿಷಗಳಲ್ಲಿ ಮಿಶ್ರಣ ಬಿಸಿಯೇರಿ ಗಟ್ಟಿಯಾಗುತ್ತದೆ; ಅಣುಗಳು ಒಂದಕ್ಕೊಂದು ಅಡ್ಡಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಪಾಲಿಸ್ಟೈರೀನ್ ಬೆಲ್ಲದ ಅಚ್ಚಿನಂತೆ, ಎಷ್ಟು ಸಲ ಬೇಕಾದರೂ ಕರಗಿಸಿ ಹೊಯ್ಯಬಹುದು. ಪಾಲಿಯುರೆಥೇನ್ ಇಡ್ಲಿಯಂತೆ, ಬೆಂದ ಮೇಲೆ ಮತ್ತೆ ಹಿಟ್ಟಾಗದು. ರೆಸಿನ್ ಕೆಲಸದ ಮುಕ್ಕಾಲು ಪಾಲು ನಿಯಮಗಳು ಹುಟ್ಟುವುದು ಇಲ್ಲಿಂದಲೇ. (ತ್ರೀಡಿ ಪ್ರಿಂಟರ್‌ನಲ್ಲಿ ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ರೆಸಿನ್ ಬೇರೆಯೇ ವಸ್ತು. ಅದು ಸಾಮಾನ್ಯವಾಗಿ ಹೆಚ್ಚು ಪೆಡಸು. ಮುಂದೆ ಹೇಳುವ ಬಿಸಿನೀರಿನ ಉಪಾಯವನ್ನು ಅದಕ್ಕೆ ಹಾಗೆಯೇ ಅನ್ವಯಿಸಬಾರದು.)

ಗುಳ್ಳೆಗಳ ವಿಷಯಕ್ಕೆ ಬರೋಣ. ಐಸೋಸಯನೇಟ್‌ಗೆ ನೀರು ಸಿಕ್ಕರೆ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಒಂದು ಹನಿ ನೀರು, ಅಂದರೆ ಸುಮಾರು 0.05 ಗ್ರಾಂ, ಪೂರ್ತಿ ವರ್ತಿಸಿದರೆ 65 ಮಿಲಿಲೀಟರಿಗೂ ಹೆಚ್ಚು ಅನಿಲ. ಮಂಗಳೂರಿನ ಜುಲೈ ತಿಂಗಳಲ್ಲಿ ಡಬ್ಬದ ಮುಚ್ಚಳ ತೆರೆದಿಟ್ಟರೆ ರೆಸಿನ್ ನೊರೆಯೇಳುವುದು ಇದರಿಂದಲೇ. ತಯಾರಕರು ದ್ರವ ಸುರಿದ ಅಚ್ಚನ್ನು 3–4 ಬಾರ್ ಒತ್ತಡದ ಪಾತ್ರೆಯಲ್ಲಿಟ್ಟು ಗುಳ್ಳೆಗಳನ್ನು ಕಣ್ಣಿಗೆ ಕಾಣದಷ್ಟು ಕುಗ್ಗಿಸುತ್ತಾರೆ. ಆ ಹಂತ ತಪ್ಪಿದ ಬಾಡಿಯಲ್ಲಿ ಗುಳ್ಳೆಗಳು ಮೇಲ್ಮೈಯ ಕೆಳಗೇ ಅಡಗಿದ್ದು, ಸ್ಯಾಂಡ್ ಪೇಪರ್ ತಗುಲಿದೊಡನೆ ಸೂಜಿಮೊನೆಯ ತೂತುಗಳಾಗಿ ಬಾಯಿ ತೆರೆಯುತ್ತವೆ.

ಕೊಳ್ಳುವ ಮೊದಲು ಅಳತೆ ನೋಡುವುದು ಒಳ್ಳೆಯದು. ಪೋರ್ಶೆ 917 ರೇಸ್ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ಇರುಸುಗಳ ನಡುವಿನ ಅಂತರ, ಅಂದರೆ ವ್ಹೀಲ್‌ಬೇಸ್, 2300 ಮಿ.ಮೀ.; 1/24ರಲ್ಲಿ ಅದು 95.8 ಮಿ.ಮೀ. ಆಗಬೇಕು. ಯಾರೋ ಮಾರುಕಟ್ಟೆಯ ಕಿಟ್ಟನ್ನೇ ಮೂಲಮಾದರಿಯಾಗಿಟ್ಟುಕೊಂಡು ಕಳ್ಳನಕಲು ತೆಗೆದರೆ ಸಿಲಿಕೋನ್ ಮತ್ತು ರೆಸಿನ್ ಎರಡೂ ಮತ್ತೊಮ್ಮೆ ಕುಗ್ಗುತ್ತವೆ. ತಲೆಮಾರಿಗೆ ಶೇ. 0.5 ಎಂದರೂ ಎರಡನೇ ನಕಲಿನಲ್ಲಿ 94.9 ಮಿ.ಮೀ. ಬೇರೆಡೆಯಿಂದ ತಂದ ಷಾಸಿ, ಅಂದರೆ ಕಾರಿನ ತಳದ ಚೌಕಟ್ಟು, ಅದಕ್ಕೆ ಹೊಂದುವುದಿಲ್ಲ. ನಕಲು ಕಿಟ್ ಕೊಳ್ಳುವುದು ಮೂಲಮಾದರಿಗಾಗಿ ತಿಂಗಳುಗಟ್ಟಲೆ ದುಡಿದವರಿಗೆ ಮಾಡುವ ಅನ್ಯಾಯವೂ ಹೌದು.

ಕೆಲಸ ಶುರುವಾಗುವುದು ತೊಳೆಯುವುದರಿಂದ. ಎರಕ ಅಚ್ಚಿನಿಂದ ಬಿಡಲೆಂದು ಹಚ್ಚಿದ ಎಣ್ಣೆಯಂಥ ಪದಾರ್ಥ ಮೇಲ್ಮೈಯಲ್ಲಿ ಉಳಿದಿದ್ದರೆ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಾಕಾರದಲ್ಲಿ ಸರಿದು ನಿಲ್ಲುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸಾಬೂನು, ಹಳೆಯ ಟೂತ್‌ಬ್ರಷ್. ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒಮ್ಮೆ ಒರೆಸಬೇಕು. ಇದೆಲ್ಲ ಉಜ್ಜುವುದಕ್ಕೆ ಮೊದಲೇ ಆಗಬೇಕು, ಇಲ್ಲವಾದರೆ ಜಿಡ್ಡು ಗೀರುಗಳೊಳಗೆ ಸೇರಿಕೊಳ್ಳುತ್ತದೆ.

ಬಾಡಿ ಸೊಟ್ಟಗಿದ್ದರೆ ಗಾಬರಿ ಬೇಡ. ಅಣುಗಳ ಬಲೆ ಕರಗದಿದ್ದರೂ ಬಿಸಿಗೆ ಸಡಿಲವಾಗುತ್ತದೆ. 60–70 ಡಿಗ್ರಿ ನೀರಿನಲ್ಲಿ ಒಂದು ನಿಮಿಷ ಅದ್ದಿ, ಸಮತಟ್ಟಾದ ಗಾಜಿನ ಮೇಲೆ ಒತ್ತಿ ಹಿಡಿದು, ಹಾಗೇ ತಣ್ಣೀರಿನಲ್ಲಿ ತಣಿಸಿದರೆ ಹೊಸ ಆಕಾರ ನಿಲ್ಲುತ್ತದೆ. ಕುದಿಯುವ ನೀರು ಕೂಡದು, ಕಿಟಕಿಯ ಸಣಕಲು ಕಂಬಗಳು ತಮ್ಮ ಭಾರಕ್ಕೇ ಜೋಲುತ್ತವೆ. ಮುಗಿದ ಮಾದರಿಯನ್ನು ಬಿಸಿಲು ಬೀಳುವ ಕಪಾಟಿನಲ್ಲಿ ಇಡಬಾರದು ಎನ್ನುವುದಕ್ಕೂ ಇದೇ ಕಾರಣ.

ನಂತರ ಒಳಗಿನಿಂದ ತೆಳುವಾಗಿಸುವ ಕೆಲಸ. ರೆಸಿನ್ ಗೋಡೆಯ ದಪ್ಪ ಸುಮಾರು 1.5 ಮಿ.ಮೀ.; ನಿಜವಾದ ಕಾರಿನಲ್ಲಿ ಅದು 36 ಮಿ.ಮೀ. ದಪ್ಪದ ತಗಡು! ಚಕ್ರದ ಕಮಾನು, ಕಿಟಕಿಯ ಅಂಚುಗಳನ್ನು ಒಳಗಡೆಯಿಂದ ಓರೆಯಾಗಿ ಕೆರೆದರೆ ಹೊರನೋಟಕ್ಕೆ ತೆಳುವಾಗಿ ಕಾಣುತ್ತವೆ. 320, 600, 1000 ನಂಬರಿನ ಪೇಪರನ್ನು ಒದ್ದೆ ಮಾಡಿಯೇ ಉಜ್ಜಿ, ಮುಖಕ್ಕೆ ಎನ್95 ಮಾಸ್ಕ್ ಇರಲಿ. ಆ ನವಿರಾದ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

ಬಾಗಿಲಿನ ಗೆರೆಗಳದ್ದೂ ಇದೇ ಲೆಕ್ಕ. ನಿಜ ಕಾರಿನ 4 ಮಿ.ಮೀ. ಸಂದು ಇಲ್ಲಿ 0.17 ಮಿ.ಮೀ. ಬಣ್ಣದಡಿಯ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಸೇರಿ 0.1 ಮಿ.ಮೀ. ಪದರ ಕೂತರೆ ಗೆರೆ ಹೂತೇ ಹೋಗುತ್ತದೆ. ಆದ್ದರಿಂದ ಪ್ರೈಮರ್‌ಗೆ ಮುನ್ನವೇ ಅದನ್ನು ಇನ್ನಷ್ಟು ಆಳಕ್ಕೆ ಕೊರೆದಿಡಬೇಕು. ಬೂದು ಪ್ರೈಮರ್‌ನ ಮೊದಲ ತೆಳು ಪದರದಲ್ಲೇ ಅಡಗಿದ್ದ ತೂತುಗಳೆಲ್ಲ ಕಾಣುತ್ತವೆ. ತುಂಬಿ, ಉಜ್ಜಿ, ಮತ್ತೆ ಹೊಡೆಯಬೇಕು. ಮೂರು ಸುತ್ತು ಮಾಮೂಲು.

ಪ್ಲಾಸ್ಟಿಕ್ ಕಿಟ್‌ನ ಅಂಟು ಇಲ್ಲಿ ಕೆಲಸಕ್ಕೆ ಬಾರದು. ಅದು ಪಾಲಿಸ್ಟೈರೀನಿನ ಎರಡು ಮೈಗಳನ್ನು ಕರಗಿಸಿ ಒಂದಾಗಿಸುವ ದ್ರಾವಕ, ರೆಸಿನ್ ಕರಗುವುದಿಲ್ಲ. ಫೆವಿಕ್ವಿಕ್‌ನಂಥ ಸಯನೋಅಕ್ರಿಲೇಟ್ ಇಲ್ಲವೇ ಎಪಾಕ್ಸಿ ಬೇಕು. ಸಯನೋಅಕ್ರಿಲೇಟ್ ಎಳೆತಕ್ಕೆ ಗಟ್ಟಿ, ಪಕ್ಕದಿಂದ ಬಿದ್ದ ಪೆಟ್ಟಿಗೆ ದುರ್ಬಲ. ಅದಕ್ಕೇ ಕನ್ನಡಿ, ಹಿಂಬದಿಯ ರೆಕ್ಕೆಯಂಥ ಭಾಗಗಳಿಗೆ 0.8 ಮಿ.ಮೀ. ತೂತು ಕೊರೆದು ಹಿತ್ತಾಳೆ ತಂತಿಯ ಮೊಳೆ ಕೂರಿಸುತ್ತಾರೆ. ಇಡೀ ಕಾರನ್ನು ಬಣ್ಣಕ್ಕೆ ಮೊದಲೇ ಅಂಟಿಲ್ಲದೆ ಜೋಡಿಸಿ, ನಾಲ್ಕೂ ಚಕ್ರ ನೆಲ ಮುಟ್ಟುತ್ತವೆಯೇ ಎಂದು ಗಾಜಿನ ಮೇಲಿಟ್ಟು ನೋಡಲೇಬೇಕು. ಬಣ್ಣವಾದ ಮೇಲೆ ಎತ್ತರ ಸರಿಪಡಿಸುವುದು ತೀರಾ ಕಷ್ಟ.

ಕಿಟಕಿಗಳು ಕೊನೆಗೆ. ಸಯನೋಅಕ್ರಿಲೇಟ್‌ನ ಆವಿ ಗಾಳಿಯ ತೇವದೊಡನೆ ಸೇರಿ ಪಾರದರ್ಶಕ ಹಾಳೆಯ ಮೇಲೆ ಬಿಳಿ ಮಂಜಾಗಿ ಕೂರುತ್ತದೆ, ಒರೆಸಿದರೆ ಹೋಗದು. ಇಲ್ಲಿಗೆ ಸಾಕಾಗುವುದು ಫೆವಿಕಾಲ್: ಹಲ್ಲುಕಡ್ಡಿಯ ತುದಿಯಲ್ಲಿ ಅಂಚಿಗೆ ತೆಳ್ಳಗೆ ಸವರಿ, ಟೇಪ್ ಹಾಕಿ ರಾತ್ರಿಯಿಡೀ ಬಿಡಿ. ಹೊರಗೆ ಚೆಲ್ಲಿದ್ದನ್ನು ಹಸಿಯಿರುವಾಗಲೇ ಒದ್ದೆ ಹತ್ತಿಯಿಂದ ಒರೆಸಿ ತೆಗೆಯಬಹುದು.