ಬ್ರಿಟನ್ನಿನಲ್ಲಿ ಫಾರ್ಮುಲಾ ಒನ್ ದುಡ್ಡಿನ ಚಾನೆಲ್ ಪಾಲಾದ ಕಥೆ

2005ರ ಏಪ್ರಿಲ್. ಇಟಲಿಯ ಇಮೋಲಾದಲ್ಲಿ ಫಾರ್ಮುಲಾ ಒನ್ (ಎಫ್1) ಕಾರ್ ರೇಸ್, ಮೂರೇ ಲ್ಯಾಪ್ (ಸುತ್ತು) ಬಾಕಿ. ಮುಂದೆ ಫೆರ್ನಾಂಡೊ ಅಲೊನ್ಸೊ, ಬೆನ್ನಿಗೇ ಮೈಕೆಲ್ ಶೂಮಾಕರ್. ಅಷ್ಟರಲ್ಲಿ, ರೇಸ್ ತೋರಿಸುತ್ತಿದ್ದ ಬ್ರಿಟನ್ನಿನ ಪುಕ್ಕಟೆ ಚಾನೆಲ್ ಐಟಿವಿ ಜಾಹೀರಾತು ಹಾಕಿಬಿಟ್ಟಿತು. ಜನರ ಸಿಟ್ಟು ನೋಡಿ ಚಾನೆಲ್ ಕೊನೆಗೆ ಕ್ಷಮೆ ಕೇಳಿತು.

2009ರಲ್ಲಿ ರೇಸ್ ಬಿಬಿಸಿಗೆ ಬಂತು. ಅಲ್ಲಿ ಜಾಹೀರಾತೇ ಇಲ್ಲ. ಟಿವಿ ಇರುವ ಮನೆಗಳು ಕಟ್ಟುವ ಲೈಸೆನ್ಸ್ ಫೀಯಿಂದ ಅದು ನಡೆಯುತ್ತದೆ. ಎಲ್ಲ ರೇಸ್ ಲೈವ್, ನಡುವೆ ತಡೆಯಿಲ್ಲ, ಬೇರೆ ಚಂದಾ ಇಲ್ಲ. ಸಾಮಾನ್ಯ ವೀಕ್ಷಕರಿಗೆ ಆ ಮೂರು ವರ್ಷ ಸಿಕ್ಕಷ್ಟು ಮತ್ತೆಂದೂ ಸಿಗಲಿಲ್ಲ.

ಆದರೆ 2010ರಲ್ಲಿ ಸರ್ಕಾರ ಲೈಸೆನ್ಸ್ ಫೀಯನ್ನು ಏರಿಸದೆ ಅಲ್ಲಿಗೇ ನಿಲ್ಲಿಸಿತು. ಬಿಬಿಸಿ ಖರ್ಚು ಕಡಿಮೆ ಮಾಡಲೇಬೇಕಾಯಿತು. ಎಫ್1 ಪ್ರಸಾರ ಹಕ್ಕು ಬಲು ದುಬಾರಿ. ಒಪ್ಪಂದ 2013ರವರೆಗೆ ಇದ್ದರೂ, 2011ರ ಜುಲೈನಲ್ಲಿ, ಹಂಗೆರಿ ರೇಸಿನ ವಾರಾಂತ್ಯದಲ್ಲೇ ಸುದ್ದಿ ಹೊರಬಿತ್ತು: ಮುಂದಿನ ವರ್ಷದಿಂದ ಎಲ್ಲ ರೇಸ್ ಲೈವ್ ಆಗಿ, ಚಂದಾ ಕಟ್ಟಿ ನೋಡಬೇಕಾದ ಸ್ಕೈನಲ್ಲಿ, ಬಿಬಿಸಿಯಲ್ಲಿ ಅರ್ಧ ಮಾತ್ರ.

2012ರ ಮಾರ್ಚ್ 9ರಂದು ಸ್ಕೈ ಸ್ಪೋರ್ಟ್ಸ್ ಎಫ್1 ಶುರುವಾಯಿತು. ಒಂದೇ ಆಟಕ್ಕೆ ಮೀಸಲಾದ ಚಾನೆಲ್. ಬಿಬಿಸಿಯಿಂದಲೇ ವೀಕ್ಷಕ ವಿವರಣೆಗಾರರಾದ ಮಾರ್ಟಿನ್ ಬ್ರಂಡಲ್, ಡೇವಿಡ್ ಕ್ರಾಫ್ಟ್ ಬಂದರು. ಪ್ರಾಕ್ಟೀಸ್, ಯಾರು ಮುಂದೆ ನಿಂತು ರೇಸ್ ಶುರುಮಾಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್, ಕಿರಿಯರ ರೇಸ್, ಹಳೆಯ ರೇಸ್, ತಾಸುಗಟ್ಟಲೆ ವಿಶ್ಲೇಷಣೆ, ಎಲ್ಲ ಇತ್ತು. ರೇಸಿನ ನಡುವೆ ಜಾಹೀರಾತಿಲ್ಲ. ಹಿಂದೆ ಎಫ್1 ಓಡಿಸಿದ್ದ ನಮ್ಮ ಚೆನ್ನೈನ ಕರುಣ್ ಚಂದೋಕ್ ಕೂಡ ಮುಂದೆ ಈ ಚಾನೆಲ್ ಸೇರಿದರು. ಕಾರು ಯಾಕೆ ಹಿಂದೆ ಬಿತ್ತು ಅಂತ ಅವರು ಬಿಡಿಸಿ ಹೇಳುವುದನ್ನು ಕೇಳಿದವರಿಗೆ, ಈ ಚಾನೆಲ್ ಆಟಕ್ಕೆ ಏನು ಕೊಟ್ಟಿತು ಅನ್ನೋದು ಗೊತ್ತು.

ಆದರೆ ಅದು ಈಗಾಗಲೇ ಅಭಿಮಾನಿಯಾದವರ ಚಾನೆಲ್. ಭಾನುವಾರ ಮಧ್ಯಾಹ್ನ ಸುಮ್ನೆ ಟಿವಿ ಹಾಕಿ, ರೇಸ್ ಕಂಡು, ಅದರ ಹುಚ್ಚು ಹಿಡಿಸಿಕೊಳ್ಳುವ ಮಗು ಅಲ್ಲಿಗೆ ಹೋಗುವುದೇ ಇಲ್ಲ. ತಂಡಗಳಿಗೂ ಇದು ತಿಳಿಯದ್ದೇನಲ್ಲ. ಆದರೆ ಪ್ರಸಾರ ಹಕ್ಕಿನ ದುಡ್ಡಿನಲ್ಲಿ ಅವರಿಗೂ ದೊಡ್ಡ ಪಾಲಿದೆ, ಸ್ಕೈ ಕೊಡುವಷ್ಟು ಬೇರೆ ಯಾರೂ ಕೊಡುತ್ತಿರಲಿಲ್ಲ.

2015ರ ಕೊನೆಗೆ ಬಿಬಿಸಿ ಪೂರ್ತಿ ಹೊರಬಂತು. ಅದರ ಪಾಲು ಇನ್ನೊಂದು ಪುಕ್ಕಟೆ ಚಾನೆಲ್ ಆದ ಚಾನೆಲ್ 4ಕ್ಕೆ ಹೋಯಿತು. 2016ರ ಮಾರ್ಚ್‌ನಲ್ಲಿ, ಆಗಿನ್ನೂ ಎಫ್1 ನಡೆಸುತ್ತಿದ್ದ ಬರ್ನಿ ಎಕ್ಲ್‌ಸ್ಟನ್ 2019ರಿಂದ ಲೈವ್ ಪ್ರಸಾರವನ್ನು ಸ್ಕೈಗೇ ಒಪ್ಪಿಸಿದರು. ಪುಕ್ಕಟೆಯಾಗಿ ಉಳಿದದ್ದು ಹೈಲೈಟ್ಸ್ ಮತ್ತು ತವರಿನ ರೇಸ್ ಆದ ಬ್ರಿಟಿಷ್ ಗ್ರ್ಯಾನ್ ಪ್ರೀ. 2019ರ ಜುಲೈ 14ರಂದು ಆ ರೇಸ್ ನಡೆಯುವ ಹೊತ್ತಿಗೇ ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್! ಚಾನೆಲ್ 4 ರೇಸಿಗಾಗಿ ಕ್ರಿಕೆಟನ್ನು ತನ್ನ ಇನ್ನೊಂದು ಚಾನೆಲ್‌ಗೆ ಕಳಿಸಿ, ಆಮೇಲೆ ವಾಪಸ್ ತಂದಿತು. 2021ರಲ್ಲಿ ಹ್ಯಾಮಿಲ್ಟನ್ ಮತ್ತು ವರ್ಸ್ಟಾಪೆನ್ ಸಮಾನ ಅಂಕದೊಂದಿಗೆ, ಚಾಂಪಿಯನ್ ಯಾರೆಂದು ತೀರ್ಮಾನಿಸುವ ಅಬುಧಾಬಿಯ ಕೊನೆಯ ರೇಸಿಗೆ ಬಂದಾಗಲೂ ಸ್ಕೈ ಆ ರೇಸನ್ನು ಚಾನೆಲ್ 4ರ ಜೊತೆ ಹಂಚಿಕೊಂಡಿತು. ದೊಡ್ಡ ದಿನಗಳಲ್ಲಿ ಎಲ್ಲರೂ ನೋಡಬೇಕು ಅನ್ನೋದನ್ನು ಸ್ಕೈ ಕೂಡ ಒಪ್ಪಿಕೊಂಡಂತೆ ಆಯ್ತು, ಅಲ್ವಾ? 2022ರಲ್ಲಿ ಸ್ಕೈ ಒಪ್ಪಂದವನ್ನು 2029ರವರೆಗೆ ವಿಸ್ತರಿಸಲಾಯಿತು.

ನಮ್ಮಲ್ಲಿ 2022ರ ತನಕ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ರೇಸ್ ಬರುತ್ತಿತ್ತು. 2023ರಲ್ಲಿ ಅದು ಎಫ್1ನ ಸ್ವಂತ ಆ್ಯಪ್‌ಗೆ ಹೋಯಿತು, 2024ರಲ್ಲಿ ಫ್ಯಾನ್‌ಕೋಡ್ ಎಂಬ ಇನ್ನೊಂದು ಆ್ಯಪ್‌ಗೆ. ಬ್ರಿಟನ್ನಿನವರಿಗೆ ತವರಿನ ರೇಸಾದರೂ ಪುಕ್ಕಟೆ ಉಳಿದಿದೆ. ನಮ್ಮ ದೇಶದ ಎಫ್1 ರೇಸ್ ನಡೆಯುತ್ತಿದ್ದ ಗ್ರೇಟರ್ ನೋಯ್ಡಾದಲ್ಲಿ 2013ರ ನಂತರ ಅದು ನಡೆದಿಲ್ಲ. ಆದರೂ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್2ನ ಸ್ಪ್ರಿಂಟ್ (ಚಿಕ್ಕ ರೇಸ್) ಗೆದ್ದರು. ಇಂಥ ಒಂದೆರಡು ರೇಸನ್ನಾದರೂ ದೂರದರ್ಶನದಲ್ಲಿ ಲೈವ್ ತೋರಿಸಬೇಕು.