ಮಗು ಹಾರ್ಟಲ್ಲಿ ಹೋಲ್ ಇದ್ರೆ "ಯಾರ ಕಡೆಯಿಂದ ಬಂತು" ಅಂತ ಕೇಳ್ತೀವಲ್ಲ, ಆ ಪ್ರಶ್ನೆಯ ಹಿನ್ನೆಲೆ

ಹುಟ್ಟಿದ ಮಗುಗೆ ಎಕೋ ಮಾಡ್ಸಿ, ಹಾರ್ಟಲ್ಲಿ ಹೋಲ್ ಇದೆ ಅಂತ ಡಾಕ್ಟ್ರು ಹೇಳಿದ ಕೂಡ್ಲೇ ನಮ್ ಕಡೆ ಎರಡು ವಿಚಾರಣೆ ಶುರುವಾಗುತ್ತೆ. ಬಸುರೀಲಿ ಗ್ರಹಣ ನೋಡಿದ್ಯಾ, ಏನಾದ್ರೂ ಮಾತ್ರೆ ನುಂಗಿದ್ಯಾ ಅನ್ನೋದು ಒಂದು. ನಮ್ ವಂಶದಲ್ಲಿ ಯಾರಿಗೂ ಇರ್ಲಿಲ್ಲ, ಇದು ನಿಮ್ ಕಡೆಯಿಂದಾನೇ ಬಂದಿದ್ದು ಅನ್ನೋದು ಇನ್ನೊಂದು. ಎರಡರಲ್ಲೂ ಕಟಕಟೇಲಿ ನಿಲ್ಲೋದು ಬಾಣಂತಿನೇ. ಹುಟ್ಟೋ ನೂರು ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಹಾರ್ಟಲ್ಲಿ ಏನಾದ್ರೊಂದು ಹುಟ್ಟು ದೋಷ ಇರುತ್ತೆ, ಅಂದ್ರೆ ಈ ವಿಚಾರಣೆ ಎಷ್ಟು ಮನೇಲಿ ನಡೀತಿರುತ್ತೆ ನೀವೇ ಲೆಕ್ಕ ಹಾಕಿ.

ಗ್ರಹಣ ಬಿಡಿ, ಆದ್ರೆ "ಬಸುರೀಲಿ ಏನೋ ಆಗಿರ್ಬೇಕು" ಅನ್ನೋದನ್ನ ಡಾಕ್ಟರುಗಳೂ ಬಹಳ ಕಾಲ ನಂಬಿದ್ರು, ಅದಕ್ಕೆ ಕಾರಣಾನೂ ಇತ್ತು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್, ಬಸುರೀಲಿ ರುಬೆಲ್ಲಾ (ಮೈಮೇಲೆ ಗುಳ್ಳೆ ಏಳೋ ವೈರಸ್ ಜ್ವರ) ಬಂದಿದ್ದ ತಾಯಂದಿರ ಮಕ್ಕಳಿಗೆ ಕಣ್ಣಲ್ಲಿ ಪೊರೆ ಇರೋದನ್ನ ಗಮನಿಸಿದ್ರು, ಎಷ್ಟೋ ಮಕ್ಕಳಿಗೆ ಹಾರ್ಟೂ ಸರಿ ಇರ್ಲಿಲ್ಲ. ಇನ್ನು ವಂಶದ ಪ್ರಶ್ನೆ ಏಳೋಕೆ ಅವಕಾಶನೇ ಕಮ್ಮಿ ಇತ್ತು, ಯಾಕಂದ್ರೆ ದೋಷ ಜೋರಾಗಿದ್ದ ಮಕ್ಕಳು ದೊಡ್ಡವರಾಗೋವರೆಗೆ ಬದುಕ್ತಾನೇ ಇರ್ಲಿಲ್ಲ. 1944ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೇಲಿ ಹೆಲೆನ್ ಟಾಸಿಗ್, ಆಲ್‌ಫ್ರೆಡ್ ಬ್ಲಾಲಾಕ್, ವಿವಿಯನ್ ಥಾಮಸ್ ಸೇರಿ ಹಾರ್ಟ್ ದೋಷದಿಂದ ರಕ್ತದಲ್ಲಿ ಆಕ್ಸಿಜನ್ ಕಮ್ಮಿಯಾಗಿ ನೀಲಿಗಟ್ಟಿದ ಮಕ್ಕಳಿಗೆ ಆಪರೇಷನ್ ಶುರು ಮಾಡಿದ್ರು, ಆಮೇಲೆ 50ರ ದಶಕದಲ್ಲಿ ಓಪನ್ ಹಾರ್ಟ್ ಸರ್ಜರಿ ಬಂತು, ಆ ಮಕ್ಕಳು ಬದುಕಿ ಬೆಳೆದು ಮದುವೆಯಾಗಿ ಅವರಿಗೂ ಮಕ್ಕಳಾದ್ವು, ಆವಾಗ ನೋಡಿ ಪ್ರಶ್ನೆಗೆ ಕಾವು ಬಂದಿದ್ದು.

1960ರಲ್ಲಿ ಲಂಡನ್ನಿನಲ್ಲಿ ಮೇರಿ ಹೋಲ್ಟ್ ಮತ್ತೆ ಸ್ಯಾಮ್ಯುಯೆಲ್ ಓರಮ್ ಒಂದು ಕುಟುಂಬದ ಬಗ್ಗೆ ಬರೆದ್ರು. ನಾಲ್ಕು ತಲೆಮಾರು ಹಾರ್ಟಿನ ಮೇಲಿನ ಎರಡು ಕೋಣೆ ಮಧ್ಯದ ಗೋಡೇಲಿ ತೂತು, ಜೊತೆಗೆ ಹೆಬ್ಬೆರಳು ವಿಚಿತ್ರ, ಪಕ್ಕದ ಬೆರಳುಗಳ ಸಾಲಲ್ಲೇ ಇರ್ತಿತ್ತು. ಇಷ್ಟು ಸ್ಪಷ್ಟವಾಗಿ ವಂಶದಲ್ಲಿ ಹರಿದು ಬರೋದು ಅಪರೂಪ. ಬಹುಪಾಲು ಮನೆಗಳಲ್ಲಿ ಒಂದೇ ಮಗುಗೆ ಇರ್ತಿತ್ತು, ಹಿಂದೆ ಮುಂದೆ ಯಾರಿಗೂ ಇಲ್ಲ. ಹಂಗಾಗಿ 60ರ ದಶಕದ ಕೊನೆಗೆ ಜೇಮ್ಸ್ ನೋರಾ ಅನ್ನೋ ಅಮೆರಿಕದ ಡಾಕ್ಟರ್ ಒಂದು ರಾಜಿ ಸೂತ್ರ ಕೊಟ್ರು, ಸುಮಾರು ಜೀನ್ ಸೇರ್ಕೊಂಡು, ಅದಕ್ಕೆ ಹೊರಗಿನ ಕಾರಣಾನೂ ಕೂಡ್ಕೊಂಡು ಆಗೋದು ಅಂತ. ತಪ್ಪೇನಲ್ಲ ಅದು, ಆದ್ರೆ ಎದುರು ಕೂತ ತಾಯಿಗೆ ಡಾಕ್ಟ್ರು ಅದನ್ನಿಟ್ಕೊಂಡು ಏನೂ ಹೇಳೋಕಾಗಲ್ಲ.

ಇಲ್ಲಿಗೆ ಬರ್ತಾರೆ ಕ್ರಿಸ್ಟಿನ್ ಸೈಡ್‌ಮನ್. ಓದಿದ್ದು ಹಾರ್ಟ್ ಡಾಕ್ಟರಿಕೆ, ಗಂಡ ಜೋನಾಥನ್ ಸೈಡ್‌ಮನ್ ಜೆನೆಟಿಸಿಸ್ಟ್, ಹಾರ್ವರ್ಡ್ ಮೆಡಿಕಲ್ ಸ್ಕೂಲಲ್ಲಿ ಇಬ್ಬರದೂ ಒಂದೇ ಲ್ಯಾಬ್. ಇವರು ಮೊದಲು ಹಿಡಿದಿದ್ದು ಹುಟ್ಟು ದೋಷ ಅಲ್ಲ, ಹಾರ್ಟಿನ ಸ್ನಾಯು ದಪ್ಪಗಾಗೋ ಕಾಯಿಲೆ. ಕೆನಡಾದ ಕ್ವಿಬೆಕ್‌ನ ಕೋಟಿಕುಕ್ ಅನ್ನೋ ಊರಿನ ಒಂದು ದೊಡ್ಡ ಕುಟುಂಬದಲ್ಲಿ ಈ ಕಾಯಿಲೆ ಇರೋದು 1961ರಲ್ಲೇ ವರದಿಯಾಗಿತ್ತು, ಸೈಡ್‌ಮನ್ ತಂಡ ಅದೇ ಕುಟುಂಬದ ರಕ್ತ ಇಟ್ಕೊಂಡು 1989ರಲ್ಲಿ ಕಾಯಿಲೆ 14ನೇ ಕ್ರೋಮೊಸೋಮಲ್ಲಿದೆ ಅಂತ ತೋರ್ಸಿ, ಮುಂದಿನ ವರ್ಷ ಜೀನನ್ನೇ ಹಿಡಿದ್ರು. ಆವಾಗ ಮನುಷ್ಯನ ಜೀನೋಮ್, ಅಂದ್ರೆ ಇಡೀ ಡಿಎನ್‌ಎ, ಪೂರ್ತಿ ಓದಿರಲಿಲ್ಲ, ಕುಟುಂಬದಲ್ಲಿ ಕಾಯಿಲೆ ಇರೋರು ಇಲ್ಲದೋರು ಇಬ್ಬರ ಡಿಎನ್‌ಎನೂ ಹೋಲ್ಸಿ ಹೋಲ್ಸಿ ಜಾಗ ಚಿಕ್ಕದು ಮಾಡ್ಕೊಂಡು ಹೋಗ್ಬೇಕಿತ್ತು, ವರ್ಷಗಟ್ಲೆ ಕೆಲಸ.

ಅದೇ ದಾರೀಲಿ ಹುಟ್ಟು ದೋಷಕ್ಕೆ ಬಂದ್ರು. 1997ರಲ್ಲಿ ಇವರ ತಂಡ, ಜೊತೆಜೊತೆಗೇ ಬ್ರಿಟನ್ನಿನ ಇನ್ನೊಂದು ತಂಡ, ಹೋಲ್ಟ್, ಓರಮ್ ಬರೆದಿದ್ದ ಥರದ ಕಾಯಿಲೆ ಇರೋ ಕುಟುಂಬಗಳಲ್ಲಿ ಕೆಟ್ಟಿರೋದು ಟಿಬಿಎಕ್ಸ್5 ಅನ್ನೋ ಜೀನ್ ಅಂತ ಪ್ರಕಟ ಮಾಡಿದ್ವು. ಇದು ಇಟ್ಟಿಗೆ ಹೊರೋ ಜೀನ್ ಅಲ್ಲ, ಮೇಸ್ತ್ರಿ ಜೀನ್, ಭ್ರೂಣದಲ್ಲಿ ಹಾರ್ಟ್ ಮತ್ತೆ ಕೈ ಕಟ್ಟುವಾಗ ಬೇರೆ ಜೀನುಗಳಿಗೆ ಯಾವಾಗ ಕೆಲಸ ಶುರು ಮಾಡ್ಬೇಕು ಅಂತ ಹೇಳೋದು. ಅಪ್ಪಂದೊಂದು ಅಮ್ಮಂದೊಂದು ಅಂತ ಎರಡು ಪ್ರತಿ ಇರುತ್ತಲ್ಲ, ಒಂದು ಕೆಟ್ರೂ ಸಾಕು, ಅರ್ಧ ಡೋಸಲ್ಲಿ ಗೋಡೆ ಪೂರ್ತಿ ಆಗಲ್ಲ. ಇನ್ನೊಂದು ವಿಷ್ಯ ಅಂದ್ರೆ ಒಂದೇ ಮನೇಲಿ ಒಂದೇ ಜೀನ್ ಕೆಟ್ಟಿದ್ರೂ ಒಬ್ಬರಿಗೆ ದೊಡ್ಡ ತೂತು, ಇನ್ನೊಬ್ಬರಿಗೆ ಮಣಿಕಟ್ಟಿನ ಮೂಳೇಲಿ ಎಕ್ಸ್‌ರೇ ತೆಗೆದ್ರೆ ಮಾತ್ರ ಕಾಣೋ ಅಷ್ಟು ವ್ಯತ್ಯಾಸ. "ನಮ್ ಕಡೆ ಯಾರಿಗೂ ಇಲ್ಲ" ಅಂತ ಎದೆ ತಟ್ಕೊಂಡು ಹೇಳೋರು ಒಂದ್ಸಲ ತಮ್ಮ ಕೈ ನೋಡ್ಕೊಂಡ್ರೆ ಒಳ್ಳೇದು.

ಮರುವರ್ಷ, 1998ರಲ್ಲಿ, ಸೈಡ್‌ಮನ್ ತಂಡ ಎನ್‌ಕೆಎಕ್ಸ್2-5 ಅನ್ನೋ ಇನ್ನೊಂದು ಜೀನ್ ಹಿಡೀತು. ಇದು ಸಿಕ್ಕಿದ ಮೇಲೆ ರೋಗಿಗೆ ನೇರ ಪ್ರಯೋಜನ ಆಯ್ತು. ಈ ಜೀನ್ ಕೆಟ್ಟಿದ್ದ ಮನೆಗಳಲ್ಲಿ ತೂತು ಮಾತ್ರ ಅಲ್ಲ, ಹಾರ್ಟ್ ಬಡಿಯೋಕೆ ಮೇಲಿಂದ ಕೆಳಗೆ ಹರಿಯೋ ಕರೆಂಟ್ ಸಿಗ್ನಲ್ಲೂ ನಿಧಾನಕ್ಕೆ ಕಟ್ಟಾಗ್ತಾ ಬರ್ತಿತ್ತು. ಸರ್ಜನ್ ತೂತು ಮುಚ್ಚಿ ಎಲ್ಲಾ ಸರಿಹೋಯ್ತು ಅಂತ ಮನೆಗೆ ಕಳ್ಸಿರ್ತಾರೆ, ಹತ್ತಿಪ್ಪತ್ತು ವರ್ಷ ಆದ್ಮೇಲೆ ಆ ವ್ಯಕ್ತಿ ದಿಢೀರ್ ಬೀಳಬಹುದು. ಜೀನ್ ಗೊತ್ತಿದ್ರೆ ಆಗಾಗ ಇಸಿಜಿ ಮಾಡ್ಸಿ ಟೈಮಿಗೆ ಸರಿಯಾಗಿ ಪೇಸ್‌ಮೇಕರ್ ಹಾಕಬಹುದು. 2003ರಲ್ಲಿ ಡಲ್ಲಾಸ್‌ನಲ್ಲಿದ್ದ ದೀಪಕ್ ಶ್ರೀವಾಸ್ತವ ಅವರ ತಂಡ ಗಾಟಾ4 ಅನ್ನೋ ಮೂರನೇದನ್ನ ಹಿಡೀತು, ಅದು ಟಿಬಿಎಕ್ಸ್5 ಜೊತೆ ಕೈ ಜೋಡ್ಸಿ ಕೆಲಸ ಮಾಡೋದು ಅಂತಾನೂ ಗೊತ್ತಾಯ್ತು.

ಇಷ್ಟಾದ್ರೂ ಪ್ರಶ್ನೆ ಅಲ್ಲೇ ಇತ್ತು, ಯಾಕಂದ್ರೆ ಇಂಥ ದೊಡ್ಡ ಕುಟುಂಬಗಳೇ ಅಪರೂಪ, ಆಸ್ಪತ್ರೆ ಕ್ಯೂನಲ್ಲಿ ನಿಂತಿರೋದು ವಂಶದಲ್ಲಿ ಯಾರಿಗೂ ಇಲ್ಲದ ಮಕ್ಕಳು. ಆಮೇಲೆ ಸೀಕ್ವೆನ್ಸಿಂಗ್, ಅಂದ್ರೆ ಡಿಎನ್‌ಎ ಅಕ್ಷರ ಅಕ್ಷರ ಓದೋದು, ಅಗ್ಗ ಆಯ್ತು, ಸೈಡ್‌ಮನ್, ನ್ಯೂಯಾರ್ಕಿನ ಬ್ರೂಸ್ ಗೆಲ್ಬ್ ಮತ್ತೆ ಹಲವಾರು ಆಸ್ಪತ್ರೆಯವರು ಅಮೆರಿಕ ಸರ್ಕಾರದ ದುಡ್ಡಲ್ಲಿ ಒಂದು ಒಕ್ಕೂಟ ಮಾಡ್ಕೊಂಡು ದಾರೀನೇ ಉಲ್ಟಾ ಮಾಡಿದ್ರು. ದೊಡ್ಡ ವಂಶ ಬೇಡ, ಅಪ್ಪ ಅಮ್ಮ ಮಗು, ಮೂವರ ಡಿಎನ್‌ಎ ಸಾಕು, ಮಗುವಲ್ಲಿದ್ದು ಇಬ್ಬರಲ್ಲೂ ಇಲ್ಲದ ಬದಲಾವಣೆ ಯಾವ್ದು ಹುಡುಕಿ ಅಂತ. ನಮ್ಮೆಲ್ಲರಲ್ಲೂ ಅಪ್ಪ ಅಮ್ಮನಿಂದ ಬರದ ಹೊಸ ಬದಲಾವಣೆಗಳು ಸುಮಾರು 60-70 ಇರ್ತವೆ, ಬಹುಪಾಲು ನಿರುಪದ್ರವಿ. ಕೆಲವೊಮ್ಮೆ ಮಾತ್ರ ಹೋಗಿ ಬೀಳಬಾರದ ಜಾಗಕ್ಕೆ ಬೀಳುತ್ತೆ. 2013ರಲ್ಲಿ 362 ತೀವ್ರ ದೋಷದ ಮಕ್ಕಳ ಫಲಿತಾಂಶ ಬಂದಾಗ ಸುಮಾರು ನೂರಕ್ಕೆ ಹತ್ತರಲ್ಲಿ ಇಂಥ ಹೊಸ ಬದಲಾವಣೆಯ ಪಾತ್ರ ಕಂಡಿತ್ತು. ಅಂದ್ರೆ ಯಾರ ಕಡೆಯಿಂದ ಬಂತು ಅಂದ್ರೆ, ಈ ಮಕ್ಕಳಿಗೆ ಯಾರ ಕಡೆಯಿಂದಲೂ ಬಂದಿಲ್ಲ ಸ್ವಾಮಿ.

ಅವು ಯಾವ ಜೀನುಗಳು ಅಂತ ನೋಡಿದ್ರೆ ಇನ್ನೊಂದು ಆಶ್ಚರ್ಯ. ಬರೀ ಹಾರ್ಟಿನವಲ್ಲ, ಡಿಎನ್‌ಎ ಸುತ್ತಿಕೊಳ್ಳೋ ಹಿಸ್ಟೋನ್ ಪ್ರೋಟೀನಿಗೆ ಗುರುತು ಹಾಕಿ ಎಲ್ಲೆಲ್ಲಿ ಜೀನ್ ಆನ್ ಆಗ್ಬೇಕು ಅಂತ ನಿರ್ಧಾರ ಮಾಡೋ ಜೀನುಗಳು ಎದ್ದು ಕಂಡ್ವು, ಮೆದುಳು ಬೆಳೆಯೋಕೂ ಅವೇ ಬೇಕು. ಹಾರ್ಟ್ ಆಪರೇಷನ್ ಆದ ಕೆಲವು ಮಕ್ಕಳು ಮಾತು, ಓದಲ್ಲಿ ಹಿಂದೆ ಬಿದ್ರೆ ಆಪರೇಷನ್ನಿಂದ ಆಗಿರ್ಬೇಕು, ಆಕ್ಸಿಜನ್ ಕಮ್ಮಿಯಾಗಿ ಆಗಿರ್ಬೇಕು ಅಂತಿದ್ರು, ಅದೂ ಇರುತ್ತೆ. ಆದ್ರೆ 2015ರಲ್ಲಿ 1,213 ಕುಟುಂಬ ನೋಡಿದಾಗ, ಹಾರ್ಟ್ ದೋಷದ ಜೊತೆ ಕಲಿಕೆ ತೊಂದ್ರೆ ಮತ್ತೆ ಬೇರೆ ಅಂಗದ ದೋಷಾನೂ ಇದ್ದ ಮಕ್ಕಳಲ್ಲಿ ಹೊಸ ಬದಲಾವಣೆಯ ಪಾಲು ಸುಮಾರು ಶೇ. 20, ಬರೀ ಹಾರ್ಟ್ ದೋಷ ಇದ್ದವರಲ್ಲಿ ಶೇ. 2 ಅಷ್ಟೇ. ನನ್ನ ಪ್ರಕಾರ ಸೈಡ್‌ಮನ್ ಮತ್ತೆ ಜೊತೆಗಾರರ ಕೆಲಸದಲ್ಲಿ ಎಲ್ಲಕ್ಕಿಂತ ಉಪಯೋಗದ್ದು ಇದು, ಯಾಕಂದ್ರೆ ಮಗುಗೆ ಸ್ಪೀಚ್ ಥೆರಪಿ ಬೇಕಾಗಬಹುದು ಅಂತ ಮೊದಲೇ ಗೊತ್ತಾದ್ರೆ ಕಾಯ್ತಾ ಕೂರೋ ಬದ್ಲು ಬೇಗ ಶುರು ಮಾಡಬಹುದು.

ನಮ್ಮಲ್ಲಿ ಲೆಕ್ಕ ಸ್ವಲ್ಪ ಬೇರೆ. ಟಿಬಿಎಕ್ಸ್5 ಥರ ಒಂದು ಪ್ರತಿ ಕೆಟ್ರೆ ಸಾಕು ಅಂತಲ್ಲ, ಎರಡೂ ಪ್ರತಿ ಕೆಟ್ರೆ ಮಾತ್ರ ತೊಂದ್ರೆ ಕೊಡೋ ಜೀನುಗಳೂ ಇವೆ. ಅಕ್ಕನ ಮಗಳನ್ನ, ಸೋದರಮಾವನ ಮಗಳನ್ನ ತಂದ್ಕೊಳ್ಳೋ ಪದ್ಧತಿ ಇರೋ ಕಡೆ, ಒಂದೇ ಅಜ್ಜಿಯಿಂದ ಬಂದ ಕೆಟ್ಟ ಪ್ರತಿ ಗಂಡ ಹೆಂಡತಿ ಇಬ್ಬರಲ್ಲೂ ಅಡಗಿ ಕೂತು ಮಗುವಲ್ಲಿ ಸೇರೋ ಸಾಧ್ಯತೆ ಜಾಸ್ತಿ. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹಾರ್ಟ್ ದೋಷ ಹೆಚ್ಚು ಅಂತ ಮೈಸೂರು ವಿಶ್ವವಿದ್ಯಾಲಯದ ರಾಮೇಗೌಡ, ರಾಮಚಂದ್ರ ಅವರು 2006ರಲ್ಲೇ ಬರೆದಿದ್ದಾರೆ. ಅಲ್ಲಿ ಕಾರಣ ಅಂಥ ಜೀನೇ ಆಗಿದ್ರೆ "ಯಾರ ಕಡೆಯಿಂದ" ಅಂದ್ರೆ ಎರಡೂ ಕಡೆಯಿಂದ, ಮುಂದಿನ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಚಾನ್ಸ್. ಟಿಬಿಎಕ್ಸ್5 ಥರದ್ದು ಅಪ್ಪ ಅಥವಾ ಅಮ್ಮನಲ್ಲಿದ್ರೆ ಎರಡರಲ್ಲಿ ಒಂದು. ಮಗುವಲ್ಲೇ ಹೊಸದಾಗಿ ಆಗಿದ್ದಾದ್ರೆ ಎರಡನೇ ಮಗುಗೆ ಅದೇ ಬರೋ ಸಾಧ್ಯತೆ ಬಹಳ ಕಮ್ಮಿ. ಇನ್ನೊಂದು ಮಗು ಬೇಕಾ ಬೇಡ್ವಾ ಅಂತ ಕೂತಿರೋ ದಂಪತಿಗೆ ಈ ಮೂರರಲ್ಲಿ ಯಾವ್ದು ಅನ್ನೋದೇ ಮುಖ್ಯ.

ಹಂಗಂತ ಟೆಸ್ಟ್ ಮಾಡ್ಸಿದ ಎಲ್ಲರಿಗೂ ಉತ್ತರ ಸಿಗಲ್ಲ, ಅರ್ಧಕ್ಕಿಂತ ಜಾಸ್ತಿ ಮಕ್ಕಳ ರಿಪೋರ್ಟಲ್ಲಿ ಇವತ್ತಿಗೂ ಕಾರಣ ಪತ್ತೆಯಾಗಲ್ಲ. ಅದಕ್ಕೇ ಒಕ್ಕೂಟದವರು ಈಗ ಜೀನುಗಳ ನಡುವಿನ ಜಾಗದ ಡಿಎನ್‌ಎ ಹುಡುಕ್ತಿದ್ದಾರೆ, ಅನುಮಾನ ಬಂದ ಬದಲಾವಣೆಯನ್ನ ಲ್ಯಾಬಲ್ಲಿ ಸ್ಟೆಮ್ ಸೆಲ್ಲಿಗೆ (ಬೇರೆ ಬೇರೆ ಥರದ ಸೆಲ್ ಆಗಬಲ್ಲ ಮೂಲ ಸೆಲ್) ಹಾಕಿ, ಅದನ್ನ ಹಾರ್ಟ್ ಸೆಲ್ ಮಾಡಿ, ಏನು ಕೆಡುತ್ತೆ ಅಂತ ನೋಡೋ ಕೆಲಸಾನೂ ನಡೀತಿದೆ.