ಅರ್ಧ ಮೈಕ್ರಾನ್ ಬೆಳಕು ಒಂದು ನ್ಯಾನೋಮೀಟರ್ ಉಬ್ಬನ್ನು ಹೇಗೆ ಅಳೆಯುತ್ತದೆ?

ಓದುಗರ ಪ್ರಶ್ನೆ: ಬೆಳಕಿನ ತರಂಗಾಂತರಕ್ಕಿಂತ ತುಂಬಾ ಚಿಕ್ಕದಾದದ್ದು ಮೈಕ್ರೋಸ್ಕೋಪಿಗೆ ಕಾಣಲ್ಲ ಅಂತ ಕಾಲೇಜಿನಲ್ಲಿ ಓದಿದ್ದೇವೆ. ಇಂಟರ್‌ಫೆರೋಮೀಟರ್ ಮಾತ್ರ ಅದೇ ಬೆಳಕಿನಿಂದ ಒಂದು ನ್ಯಾನೋಮೀಟರ್ ಉಬ್ಬುತಗ್ಗನ್ನೂ ಅಳೆಯುತ್ತೆ ಅಂತಾರೆ. ಎರಡೂ ಹೇಗೆ ನಿಜ ಆಗುತ್ತೆ? ಅದರ ಅಳತೆಯನ್ನು ನಂಬಬಹುದಾ?

ಉತ್ತರ: ಎರಡೂ ನಿಜ. ಮೈಕ್ರೋಸ್ಕೋಪಿನ ಮಿತಿ ಇರುವುದು ಅಡ್ಡಕ್ಕೆ. ಪಕ್ಕಪಕ್ಕದ ಎರಡು ಚುಕ್ಕಿಗಳು ತೀರಾ ಹತ್ತಿರ ಇದ್ದರೆ ಒಂದೇ ಮಸುಕಾಗಿ ಕಾಣುತ್ತವೆ. ಆದರೆ ಇಂಟರ್‌ಫೆರೋಮೀಟರ್ ಅಳೆಯುವುದು ಎತ್ತರವನ್ನು. ಅದು ಎರಡು ದಾರಿಯಲ್ಲಿ ಬಂದ ಬೆಳಕನ್ನು ಕೂಡಿಸಿ ಹೋಲಿಸುವ ಉಪಕರಣ. ಅದಕ್ಕೆ ಆ ಉಬ್ಬಿನ ಆಕಾರ ಕಾಣಬೇಕಾಗಿಲ್ಲ. ಅಲ್ಲಿಂದ ವಾಪಸ್ ಬಂದ ಬೆಳಕು ಎಷ್ಟು ದೂರ ಹೋಗಿಬಂತು ಅಂತ ತಿಳಿದರೆ ಸಾಕು. ನಂಬಬಹುದಾ ಅನ್ನುವುದಕ್ಕೆ ಉತ್ತರ ಸ್ವಲ್ಪ ಉದ್ದ ಇದೆ. ಆ ಭಾಗವೇ ನನಗೆ ಜಾಸ್ತಿ ಮುಖ್ಯ ಅನಿಸುತ್ತದೆ.

ಮೊದಲು ಹಳೆಯ, ಸರಳ ವಿಧಾನ ನೋಡೋಣ. ಟೂಲ್ ರೂಮಿನಲ್ಲಿ ಸ್ಲಿಪ್ ಗೇಜ್ (ಅಳತೆಗೆ ಬಳಸುವ, ನಿಖರ ದಪ್ಪದ ಲೋಹದ ತುಂಡು) ಸಪಾಟಾಗಿದೆಯಾ ಅಂತ ನೋಡಲು ಆಪ್ಟಿಕಲ್ ಫ್ಲ್ಯಾಟ್ ಬಳಸುತ್ತಾರೆ. ಅದು ಅತಿ ಸಪಾಟಾಗಿ ಪಾಲಿಶ್ ಮಾಡಿದ ದಪ್ಪ ಗಾಜಿನ ಬಿಲ್ಲೆ. ಅದನ್ನು ಗೇಜಿನ ಮೇಲಿಟ್ಟರೆ ನಡುವೆ ತೆಳುವಾದ ಗಾಳಿಯ ಪದರ ಉಳಿಯುತ್ತದೆ. ಸೋಡಿಯಂ ದೀಪದ ಹಳದಿ ಬೆಳಕು ಬಿಟ್ಟರೆ, ಸ್ವಲ್ಪ ಬೆಳಕು ಗಾಜಿನ ಕೆಳಮುಖದಿಂದ, ಸ್ವಲ್ಪ ಗೇಜಿನ ಮೇಲ್ಮುಖದಿಂದ ವಾಪಸ್ ಬರುತ್ತದೆ. ಎರಡೂ ಕೂಡಿ ಕೆಲವು ಕಡೆ ಬೆಳಗುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಕಣ್ಣಿಗೆ ಕಾಣುವುದು ಕಪ್ಪು, ಹಳದಿ ಪಟ್ಟಿಗಳು.

ಸೋಡಿಯಂ ಬೆಳಕಿನ ತರಂಗಾಂತರ ಸುಮಾರು 589 ನ್ಯಾನೋಮೀಟರ್ (ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರಾನ್). ಬೆಳಕು ಗಾಳಿಯ ಪದರವನ್ನು ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ದಾಟುತ್ತದೆ. ಹಾಗಾಗಿ ಪದರದ ದಪ್ಪ ಅರ್ಧ ತರಂಗಾಂತರದಷ್ಟು, ಅಂದರೆ ಸುಮಾರು 295 ನ್ಯಾನೋಮೀಟರ್ ಬದಲಾದರೆ ಒಂದು ಪಟ್ಟಿ ಮುಗಿದು ಇನ್ನೊಂದು ಬರುತ್ತದೆ. ಪಟ್ಟಿಗಳು ನೇರವಾಗಿ, ಸಮ ಅಂತರದಲ್ಲಿ ಇದ್ದರೆ ಗೇಜು ಸಪಾಟಾಗಿದೆ. ಪಟ್ಟಿ ತನ್ನ ಅಂತರದ ಕಾಲು ಭಾಗದಷ್ಟು ಬಾಗಿದ್ದರೆ ಸುಮಾರು 74 ನ್ಯಾನೋಮೀಟರ್ ಓರೆಕೋರೆ ಇದೆ. ಕಣ್ಣಂದಾಜಿನಲ್ಲೇ ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲು ಸಿಕ್ಕಿತು, ಅಲ್ವಾ!

ಪಟ್ಟಿಗಳು ಉಂಗುರದ ಹಾಗೆ ಕಂಡರೆ ಅದು ಉಬ್ಬೋ ತಗ್ಗೋ? ಚಿತ್ರ ನೋಡಿ ಹೇಳೋಕಾಗಲ್ಲ. ಗಾಜಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಉಂಗುರಗಳ ನಡುಭಾಗ ಬೆರಳಿನ ಕಡೆ ಸರಿದರೆ ಉಬ್ಬು. ಇದ್ದಲ್ಲೇ ಇದ್ದರೆ ತಗ್ಗು. ಈ ಕೈಚಳಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಇನ್ನು ನ್ಯಾನೋಮೀಟರಿಗೆ ಇಳಿಯುವುದು ಹೇಗೆ? ಬಾಗಿದ್ದನ್ನು ಕಣ್ಣಳತೆಯಲ್ಲಿ ನೋಡುವುದು ಬಿಟ್ಟು, ಒಂದೊಂದು ಚುಕ್ಕಿ ಎಷ್ಟು ಬೆಳಗಿದೆ ಅಂತ ಕ್ಯಾಮೆರಾದಿಂದ ಅಳೆಯಬೇಕು. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕಿನ ತರಂಗಾಂತರ 632.8 ನ್ಯಾನೋಮೀಟರ್. ಅದರ ಒಂದು ಪೂರ್ತಿ ಪಟ್ಟಿ ಅಂದರೆ 316 ನ್ಯಾನೋಮೀಟರ್ ಎತ್ತರ. ಇದನ್ನು ಗಡಿಯಾರದ ನಿಮಿಷದ ಮುಳ್ಳು ಅಂದುಕೊಳ್ಳಿ. ಎತ್ತರ 316 ನ್ಯಾನೋಮೀಟರ್ ಏರಿದರೆ ಮುಳ್ಳು ಒಂದು ಸುತ್ತು ಹಾಕುತ್ತದೆ. ಸುತ್ತು ಎಷ್ಟೇ ದೊಡ್ಡದಿರಲಿ, ಮುಳ್ಳು ಸುತ್ತಿನ ಯಾವ ಜಾಗದಲ್ಲಿದೆ ಅಂತ ಓದಲು ಬಂದರೆ ಸುತ್ತಿಗಿಂತ ಎಷ್ಟೋ ಚಿಕ್ಕ ಎತ್ತರ ತಿಳಿಯುತ್ತದೆ. ಸುತ್ತನ್ನು ಸಾವಿರ ಭಾಗ ಮಾಡಿ ಓದಿದರೆ ಸಿಗುವುದು ಸುಮಾರು 0.3 ನ್ಯಾನೋಮೀಟರ್. ಸಿಲಿಕಾನ್ ಹರಳಿನ ಒಂದು ಮುಖದ ಮೇಲೆ ಒಂದು ಪರಮಾಣು ಪದರದ ಮೆಟ್ಟಿಲು ಹೆಚ್ಚುಕಡಿಮೆ ಇಷ್ಟೇ ಎತ್ತರ.

ಆದರೆ ಒಂದು ತೊಡಕಿದೆ. ಒಂದು ಚುಕ್ಕಿ ಮಂಕಾಗಿ ಕಂಡರೆ ಅದಕ್ಕೆ ಎತ್ತರವೇ ಕಾರಣ ಅಂತ ಹೇಗೆ ಹೇಳೋದು? ಅಲ್ಲಿ ಲೋಹವೇ ಸ್ವಲ್ಪ ಕಪ್ಪಗಿರಬಹುದು. ಲೇಸರಿನ ಬೆಳಕು ಅಂಚಿನಲ್ಲಿ ಕಮ್ಮಿ ಇರಬಹುದು. ಇದಕ್ಕೆ ಕಂಡುಕೊಂಡ ದಾರಿ ಬಹಳ ಚೆನ್ನಾಗಿದೆ. ಹೋಲಿಕೆಗೆ ಇಟ್ಟ ಕನ್ನಡಿಯನ್ನು (ಆಪ್ಟಿಕಲ್ ಫ್ಲ್ಯಾಟಿನ ಕೆಲಸ ಇಲ್ಲಿ ಇದರದ್ದು) ಪೀಜೋ ಹರಳಿನಿಂದ, ಅಂದರೆ ವಿದ್ಯುತ್ ಕೊಟ್ಟರೆ ತುಸುವೇ ಹಿಗ್ಗುವ ಹರಳಿನಿಂದ, 79 ನ್ಯಾನೋಮೀಟರಿನಷ್ಟು ಸರಿಸುತ್ತಾ ನಾಲ್ಕು ಚಿತ್ರ ತೆಗೆಯುತ್ತಾರೆ. ಪ್ರತಿ ಸಲಕ್ಕೂ ಮುಳ್ಳು ಕಾಲು ಸುತ್ತು ಮುಂದೆ ಹೋಗುತ್ತದೆ. ಒಂದೊಂದು ಚುಕ್ಕಿಗೂ ನಾಲ್ಕು ಬೆಳಕಿನ ಅಂಕಿ ಸಿಗುತ್ತವೆ. ಒಂದನೆಯದರಿಂದ ಮೂರನೆಯದನ್ನು, ನಾಲ್ಕನೆಯದರಿಂದ ಎರಡನೆಯದನ್ನು ಕಳೆಯಿರಿ. ಎಲ್ಲ ಚಿತ್ರಕ್ಕೂ ಸಮನಾಗಿ ಬಿದ್ದ ಬೆಳಕು ಹಾರಿಹೋಯಿತು. ಆ ಎರಡು ಉತ್ತರಗಳಲ್ಲಿ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಮೇಲ್ಮೈ ಎಷ್ಟು ಹೊಳೆಯುತ್ತದೆ ಅನ್ನುವುದೂ ಹಾರಿಹೋಯಿತು. ಉಳಿಯುವುದು ಮುಳ್ಳಿನ ಕೋನ ಮಾತ್ರ. 1974ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ತಂಡ ಈ ರೀತಿಯ ಅಳತೆಯನ್ನು ಕಂಪ್ಯೂಟರಿಗೆ ಜೋಡಿಸಿ ತೋರಿಸಿತು. ಲೆನ್ಸ್, ಕನ್ನಡಿ ತಯಾರಿಸುವವರ ಕೆಲಸವೇ ಅಲ್ಲಿಂದ ಬದಲಾಯಿತು.

ನಿಮಿಷದ ಮುಳ್ಳೊಂದೇ ಇದ್ದರೆ ಗಂಟೆ ಎಷ್ಟು ಅಂತ ತಿಳಿಯುವುದಿಲ್ಲ. 20 ನಿಮಿಷ ಅಂತ ಗೊತ್ತು, ಮೂರೂ ಇಪ್ಪತ್ತೋ ನಾಲ್ಕೂ ಇಪ್ಪತ್ತೋ ಗೊತ್ತಿಲ್ಲ. ಇಲ್ಲೂ ಹಾಗೇ. ಪಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ 158 ನ್ಯಾನೋಮೀಟರಿಗಿಂತ ದೊಡ್ಡ ಮೆಟ್ಟಿಲು ಇದ್ದರೆ ಲೇಸರಿನ ಲೆಕ್ಕ ತಪ್ಪುತ್ತದೆ. ನುಣುಪಾದ ಕನ್ನಡಿಗೆ ಇದು ತೊಂದರೆಯಲ್ಲ. ಗ್ರೈಂಡ್ ಮಾಡಿದ ಉಕ್ಕು, ಕಂಪ್ಯೂಟರ್ ಚಿಪ್ ಮೇಲಿನ ತಂತಿಗಳು, ಎಂಜಿನ್ ಸಿಲಿಂಡರಿನ ಒಳಗಿನ ಹೋನಿಂಗ್ ಗೆರೆಗಳು ಇಂಥದ್ದಕ್ಕೆಲ್ಲ ಗಂಟೆಯ ಮುಳ್ಳೂ ಬೇಕು.

ಅದನ್ನು ಕೊಡುವುದು ಬಿಳಿ ಬೆಳಕು. ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುವುದರಿಂದ, ಎರಡು ದಾರಿಗಳ ಉದ್ದ ಹೆಚ್ಚುಕಡಿಮೆ ಸಮ ಆದಾಗ ಮಾತ್ರ ಪಟ್ಟಿ ಕಾಣುತ್ತದೆ. ಒಂದೆರಡು ಮೈಕ್ರಾನ್ ಆಚೀಚೆ ಆದರೆ ಮಾಯ. ಮೈಕ್ರೋಸ್ಕೋಪಿನ ಆಬ್ಜೆಕ್ಟಿವ್ (ತುಂಡಿನ ಕಡೆಗಿರುವ ಲೆನ್ಸ್) ಒಳಗೇ ಹೋಲಿಕೆಯ ಪುಟ್ಟ ಕನ್ನಡಿ ಇಟ್ಟು, ಆ ಇಡೀ ಆಬ್ಜೆಕ್ಟಿವನ್ನು ಮೇಲಿನಿಂದ ಕೆಳಗೆ ನಿಧಾನಕ್ಕೆ ಇಳಿಸುತ್ತಾರೆ. ಪ್ರತಿ ಚುಕ್ಕಿಯಲ್ಲೂ ಪಟ್ಟಿ ಯಾವ ಎತ್ತರದಲ್ಲಿ ಅತಿ ಸ್ಪಷ್ಟವಾಗಿ ಮೂಡಿತು ಅಂತ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಹೀಗೆ ಹತ್ತಾರು ಮೈಕ್ರಾನ್ ಮೆಟ್ಟಿಲನ್ನೂ ಅಳೆಯಬಹುದು.

ಈಗ ನಂಬಿಕೆಯ ವಿಷಯಕ್ಕೆ ಬರೋಣ. ಪರದೆಯ ಮೇಲೆ ಬಣ್ಣಬಣ್ಣದ ಬೆಟ್ಟಗುಡ್ಡದ ಚಿತ್ರ ನೋಡಿದಾಗ ಪ್ರತಿಯೊಂದು ಪರಮಾಣುವೂ ಕಂಡ ಹಾಗೆ ಅನಿಸುತ್ತದೆ. ಹಾಗಲ್ಲ. ಅಡ್ಡಕ್ಕೆ ಆ ಹಳೆಯ ಮಿತಿ ಇದ್ದೇ ಇದೆ. ಒಳ್ಳೆಯ ಆಬ್ಜೆಕ್ಟಿವ್ ಹಾಕಿದರೂ ಒಂದು ಚುಕ್ಕಿ ಸುಮಾರು ಅರ್ಧ ಮೈಕ್ರಾನ್ ಅಗಲ. ಅಲ್ಲಿ ಸಿಗುವುದು ಆ ಜಾಗದ ಒಟ್ಟಾರೆ ಎತ್ತರ. 100 ನ್ಯಾನೋಮೀಟರ್ ಅಗಲದ ಕಿರಿದಾದ ಗೀರಿನ ಆಳವನ್ನು ಇದು ಸರಿಯಾಗಿ ಹೇಳಲ್ಲ. ಅದಕ್ಕೆ ಸೂಜಿ ಮೊನೆಯಿಂದ ಮೇಲ್ಮೈಯನ್ನು ತಡವಿ ಅಳೆಯುವ ಎಎಫ್ಎಂ (ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್) ಬೇಕು.

ಕಡಿದಾದ ಇಳಿಜಾರಿನಿಂದ ಬೆಳಕು ಲೆನ್ಸಿಗೆ ವಾಪಸ್ ಬರುವುದೇ ಇಲ್ಲ. ಆ ಚುಕ್ಕಿಗಳು ಖಾಲಿ ಉಳಿಯುತ್ತವೆ. ಸಾಫ್ಟ್‌ವೇರಿಗೆ ಹೇಳಿದರೆ ಅಕ್ಕಪಕ್ಕದ ಅಂಕಿಯಿಂದ ಅದನ್ನು ತುಂಬಿಸಿ ಚೆಂದ ಮಾಡಿಬಿಡುತ್ತದೆ. ನನ್ನ ಪ್ರಕಾರ ರಿಪೋರ್ಟಿನಲ್ಲಿ ಖಾಲಿ ಜಾಗವನ್ನು ಖಾಲಿ ಅಂತಲೇ ತೋರಿಸಬೇಕು. ಗಾಜಿನ ಮೇಲೆ ಚಿನ್ನದ ಪದರ ಇದ್ದರೆ ಇನ್ನೊಂದು ಮೋಸ. ಲೋಹದಿಂದ ಮರಳುವ ಬೆಳಕಿನ ಮುಳ್ಳು ಗಾಜಿನದಕ್ಕಿಂತ ಸ್ವಲ್ಪ ತಿರುಗಿರುತ್ತದೆ. ಇಲ್ಲದ ಎತ್ತರದ ವ್ಯತ್ಯಾಸ ಅಂಕಿಯಲ್ಲಿ ಬಂದುಬಿಡುತ್ತದೆ. ಅದಕ್ಕೇ ಕೆಲವರು ಇಡೀ ಮೇಲ್ಮೈಗೆ ಒಂದೇ ಲೋಹದ ತೆಳು ಲೇಪ ಕೊಟ್ಟು ಆಮೇಲೆ ಅಳೆಯುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ವಿಷಯ ಒಂದಿದೆ. ಇಂಟರ್‌ಫೆರೋಮೀಟರ್ ಯಾವಾಗಲೂ ಹೋಲಿಸುತ್ತದೆ, ಅಷ್ಟೇ. ಹೋಲಿಕೆಗೆ ಇಟ್ಟದ್ದು ತಪ್ಪಾಗಿದ್ದರೆ ಅಳತೆ ಎಷ್ಟು ಸೂಕ್ಷ್ಮವಾಗಿದ್ದರೂ ತಪ್ಪೇ. ಹಬಲ್ ದೂರದರ್ಶಕಕ್ಕೆ ಆದದ್ದು ಇದೇ. 1990ರ ಏಪ್ರಿಲ್‌ನಲ್ಲಿ ಅದು ಬಾಹ್ಯಾಕಾಶಕ್ಕೆ ಹೋಯಿತು. ಕಳಿಸಿದ ಚಿತ್ರಗಳೆಲ್ಲ ಮಸುಕು. ಅದರ 2.4 ಮೀಟರ್ ಅಗಲದ ಮುಖ್ಯ ಕನ್ನಡಿಯನ್ನು ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಪರ್ಕಿನ್-ಎಲ್ಮರ್ ಕಂಪನಿ ಪಾಲಿಶ್ ಮಾಡಿತ್ತು. ಕನ್ನಡಿ ಅತ್ಯಂತ ನುಣುಪಾಗಿತ್ತು. ಆದರೆ ಅಂಚಿನಲ್ಲಿ ಸುಮಾರು 2.2 ಮೈಕ್ರಾನ್ ಜಾಸ್ತಿ ಸವೆದಿತ್ತು.

ಬಾಗಿದ ಕನ್ನಡಿಯನ್ನು ಸಪಾಟು ಗಾಜಿನ ಜೊತೆ ನೇರವಾಗಿ ಹೋಲಿಸಲು ಆಗಲ್ಲ. ಹಾಗಾಗಿ ನಡುವೆ ನಲ್ ಕರೆಕ್ಟರ್ ಅನ್ನುವ ಉಪಕರಣ ಇಡುತ್ತಾರೆ. ಎರಡು ಪುಟ್ಟ ಕನ್ನಡಿ, ಒಂದು ಲೆನ್ಸ್ ಇದ್ದ ಉಪಕರಣ ಅದು. ಕನ್ನಡಿಯ ಆಕಾರ ಸರಿಯಿದ್ದರೆ ಪಟ್ಟಿಗಳು ನೇರವಾಗಿ ಕಾಣುವಂತೆ ಅದು ಬೆಳಕನ್ನು ಹದ ಮಾಡುತ್ತದೆ. ಅದರೊಳಗಿನ ಲೆನ್ಸನ್ನು ಕೂರಿಸುವಾಗ ದೂರ ಅಳೆಯಲು ಒಂದು ಲೋಹದ ಕಡ್ಡಿ ಇತ್ತು. ಕಡ್ಡಿಯ ತುದಿಗೆ ಸಣ್ಣ ತೂತಿನ ಟೋಪಿ. ತೂತಿನ ಮೂಲಕ ಕಡ್ಡಿಯ ತುದಿಗೆ ಮಾತ್ರ ಬೆಳಕು ಬಿದ್ದು ವಾಪಸ್ ಬರಬೇಕಿತ್ತು. ಟೋಪಿಯ ಮೇಲೆ ಬೆಳಕು ಮರಳದ ಹಾಗೆ ಹಚ್ಚಿದ್ದ ಬಣ್ಣ ಒಂದು ಕಡೆ ಎದ್ದುಹೋಗಿತ್ತು. ಬೆಳಕು ಅಲ್ಲಿಂದಲೇ ಮರಳಿತು. ಲೆನ್ಸ್ 1.3 ಮಿಲಿಮೀಟರ್ ತಪ್ಪು ಜಾಗದಲ್ಲಿ ಕೂತಿತು. ಆಮೇಲೆ ಪಟ್ಟಿ ನೇರ ಆಗುವ ತನಕ ಪಾಲಿಶ್ ಮಾಡಿದರು. ಪಟ್ಟಿ ನೇರ ಆಯಿತು, ಕನ್ನಡಿ ತಪ್ಪು ಆಕಾರಕ್ಕೆ ಬಂತು.

ನನಗೆ ಹೆಚ್ಚು ನೋವು ಕೊಡುವುದು ಮುಂದಿನ ಭಾಗ. ಬೇರೆ ಎರಡು ಉಪಕರಣಗಳ ಪರೀಕ್ಷೆಯಲ್ಲಿ ಪಟ್ಟಿಗಳು ಬಾಗಿಯೇ ಕಂಡಿದ್ದವು. ಅವು ಅಷ್ಟು ನಿಖರ ಅಲ್ಲ ಅಂತ ಬದಿಗಿಟ್ಟರು. ತನಿಖೆಯ ನಂತರ ತಪ್ಪು ಎಷ್ಟು ಅಂತ ಖಚಿತವಾಗಿ ಗೊತ್ತಾಯಿತು. ಅದಕ್ಕೆ ಸರಿಹೊಂದುವ ಕನ್ನಡಿಗಳನ್ನು ಮಾಡಿ 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಜೋಡಿಸಿದರು. ಚಿತ್ರಗಳು ಸ್ಪಷ್ಟವಾದವು.

ನಿಮ್ಮ ಲ್ಯಾಬಿನಲ್ಲಿ ಏನು ಮಾಡಬಹುದು? ಹೋಲಿಕೆಯ ಗಾಜಿನ ಮೇಲೆ ಅನುಮಾನ ಇದ್ದರೆ ಮೂರು ಗಾಜುಗಳನ್ನು ಎರಡೆರಡಾಗಿ ಹೋಲಿಸುವ ಹಳೆಯ ವಿಧಾನ ಇದೆ. ಮೂರು ಅಳತೆಗಳಿಂದ ಒಂದು ಗೆರೆಯ ಉದ್ದಕ್ಕೂ ಮೂರು ಗಾಜುಗಳ ಓರೆಕೋರೆಯನ್ನೂ ಬೇರೆ ಬೇರೆ ಲೆಕ್ಕ ಹಾಕಬಹುದು. ಎತ್ತರದ ಅಳತೆಗೆ, ಗೊತ್ತಿರುವ ಮೆಟ್ಟಿಲು ಇರುವ ಸ್ಟ್ಯಾಂಡರ್ಡ್ ಒಂದನ್ನು ಇಟ್ಟುಕೊಂಡು ಆಗಾಗ ಅಳೆದು ನೋಡಿ. ಆ ಸ್ಟ್ಯಾಂಡರ್ಡಿನ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಂಥ ಮೂಲದವರೆಗೆ ಕೊಂಡಿ ತಪ್ಪದ ಹಾಗೆ ಇರಲಿ.

ಸ್ಟ್ಯಾಂಡರ್ಡ್ ಸಿಗದಿದ್ದರೂ ಇವತ್ತೇ ಮಾಡಬಹುದಾದ ಪರೀಕ್ಷೆ ಒಂದಿದೆ. ಅಳೆದ ತುಂಡನ್ನು ಅದೇ ಜಾಗದಲ್ಲಿ 90 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ಚಿತ್ರದಲ್ಲಿ ತುಂಡಿನ ಜೊತೆ ತಿರುಗಿದ ಉಬ್ಬುತಗ್ಗು ತುಂಡಿನದು. ತಿರುಗದೆ ನಿಂತಲ್ಲೇ ನಿಂತದ್ದು ಸಾಮಾನ್ಯವಾಗಿ ನಿಮ್ಮ ಯಂತ್ರದ್ದು.